ಕರ್ಟನ್ ಬೇಕಾ, ಡ್ರೇಪ್ಸ್ ಬೇಕಾ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಹೊಸ ಮನೆ ಕಟ್ಟಿದ್ದೇವೆ. ಹಾಲ್ ಕಿಟಕಿಗೆ ಪರದೆ ಕೇಳಿದರೆ ಅಂಗಡಿಯವರು ‘ಕರ್ಟನ್ನಾ, ಡ್ರೇಪ್ಸಾ?’ ಎಂದರು. ಡ್ರೇಪ್ಸ್‌ಗೆ ಎರಡು ಪಟ್ಟಿಗಿಂತ ಜಾಸ್ತಿ ರೇಟು. ಎರಡೂ ಪರದೆಯೇ ಅಲ್ವಾ? ನಮ್ಮ ಮಳೆಗೆ ಯಾವುದು ಸರಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಹೌದು, ಎರಡೂ ಪರದೆಯೇ. ಬ್ರಿಟನ್ನಿನಲ್ಲಿ ಎಲ್ಲದಕ್ಕೂ ಕರ್ಟನ್ ಅಂತಲೇ ಹೇಳುತ್ತಾರೆ. ಡ್ರೇಪ್ಸ್ ಅಮೆರಿಕದವರ ಮಾತು. ದಪ್ಪ ಬಟ್ಟೆಗೆ ಹಿಂದೆ ಲೈನಿಂಗ್ ಕೊಟ್ಟು, ಮೇಲೆ ನೆರಿಗೆ ಹಿಡಿದು ಹೊಲಿದು, ನೆಲದವರೆಗೆ ಇಳಿಬಿಟ್ಟರೆ ಅದು ಡ್ರೇಪ್ಸ್. ರೇಷ್ಮೆ ಲಂಗಕ್ಕೆ ಒಳಗೆ ಲೈನಿಂಗ್ ಕೊಡಿಸುತ್ತೇವಲ್ಲ, ಹಾಗೆ. ತೆಳು ಬಟ್ಟೆಯದು, ಲೈನಿಂಗ್ ಇಲ್ಲದ್ದು ಸಾಮಾನ್ಯವಾಗಿ ಕರ್ಟನ್.

ರೇಟಿನ ಲೆಕ್ಕ ನೋಡಿ. ಕಿಟಕಿ 5 ಅಡಿ ಅಗಲ ಅಂತಿಟ್ಟುಕೊಳ್ಳಿ. ಎರಡೂ ಕಡೆ ಅರ್ಧರ್ಧ ಅಡಿ ಬಿಟ್ಟರೆ ರಾಡ್ 6 ಅಡಿ. ನೆರಿಗೆ ಚೆನ್ನಾಗಿ ಬೀಳಲು ಬಟ್ಟೆ ಅದರ ಎರಡು ಪಟ್ಟು, ಅಂದರೆ 12 ಅಡಿ ಬೇಕು. 54 ಇಂಚು ಪನ್ನದ ಬಟ್ಟೆಯಾದರೆ 3 ತುಂಡು. ಕಿಟಕಿಯಷ್ಟೇ ಉದ್ದಕ್ಕೆ, ಮಡಿಕೆ ಸೇರಿ, ತುಂಡಿಗೆ 6 ಅಡಿ ಹಿಡಿದರೆ ಒಟ್ಟು ಐದೂವರೆ ಮೀಟರ್ ಸಾಕು. ನೆಲದವರೆಗೆ ಬೇಕೆಂದರೆ ತುಂಡಿಗೆ 9 ಅಡಿ, ಒಟ್ಟು ಎಂಟೂಕಾಲು ಮೀಟರ್. ಲೈನಿಂಗ್ ಬಟ್ಟೆ ಮತ್ತೆ ಅಷ್ಟೇ. ಹೊಲಿಗೆ ಕೂಲಿ ಬೇರೆ. ಅಂಗಡಿಯವರು ಸುಮ್ನೆ ಹೇಳಿದ್ದಲ್ಲ. ಆದರೆ ಲೈನಿಂಗ್ ಇಲ್ಲದ ಉದ್ದ ಪರದೆಗೆ ಡ್ರೇಪ್ಸ್ ರೇಟು ಹೇಳಿದರೆ ಒಪ್ಪಬೇಡಿ. ಹಿಂದೆ ತಿರುಗಿಸಿ ನೋಡಿ.

ಇನ್ನು ಮಳೆ. ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲಿಯೇ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಕಿಟಕಿ ತೆಗೆಯಲಿಕ್ಕೇ ಆಗದ ದಿನಗಳು ಎಷ್ಟಿರುತ್ತವೆ! ವೆಲ್ವೆಟ್‌ನಂಥ ದಪ್ಪ ಬಟ್ಟೆ ತೇವ ಎಳೆದುಕೊಂಡರೆ ಬೇಗ ಬಿಡುವುದಿಲ್ಲ. ಲೈನಿಂಗ್ ಮತ್ತು ಬಟ್ಟೆಯ ನಡುವೆ ಗಾಳಿ ಆಡದೆ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಇನ್ನೂ ಕಷ್ಟ.

ಹಾಗಂತ ದಪ್ಪ ಪರದೆ ಬೇಡವೇ ಬೇಡ ಅನ್ನುವುದಿಲ್ಲ. ಡಿಸೆಂಬರ್, ಜನವರಿಯ ಚಳಿಗೆ ಗಾಜಿನಿಂದ ಬರುವ ಥಂಡಿಯನ್ನು ಅದು ಚೆನ್ನಾಗಿ ತಡೆಯುತ್ತದೆ. ಅದಕ್ಕೇ ಜೋಡಿ ರಾಡ್ ಹಾಕಿಸಿ. ಗಾಜಿನ ಕಡೆಗೆ ತೆಳು ಪರದೆ ವರ್ಷವಿಡೀ ಇರಲಿ. ಒಳಗಡೆ ರಾಡ್‌ಗೆ ದಪ್ಪದ್ದು, ಮಳೆಗಾಲಕ್ಕೆ ಮುಂಚೆ ಬಿಚ್ಚಿ ಬಿಸಿಲಿಗೆ ಒಣಗಿಸಿ ಮಡಿಸಿಡಿ. ಲೈನಿಂಗ್ ಅನ್ನು ಸೇರಿಸಿ ಹೊಲಿಸದೆ, ಹುಕ್ಕಿನಲ್ಲಿ ಬೇರೆಯಾಗಿ ಸಿಕ್ಕಿಸುವಂತೆ ಮಾಡಿಸಿ. ತೊಳೆಯಲೂ ಒಣಗಿಸಲೂ ಸುಲಭ. ನೆಲಕ್ಕೆ ತಾಗಿಸಬೇಡಿ, ಒಂದು ಇಂಚು ಮೇಲಿರಲಿ. ನೆಲ ಒರೆಸಿದ ನೀರೂ ಅಂಚಿಗೆ ತಾಗುವುದಿಲ್ಲ.

ಕಾಟನ್ ತೆಗೆದುಕೊಂಡರೆ ಕತ್ತರಿಸುವ ಮುಂಚೆ ಒಮ್ಮೆ ನೀರಿಗೆ ಹಾಕಿ ಒಣಗಿಸಿ. ಕೆಳಗೆ 4 ಇಂಚು ಮಡಿಕೆ ಬಿಡಲು ಟೈಲರ್‌ಗೆ ಹೇಳಿ. ಆಮೇಲೆ ಬಟ್ಟೆ ಕುಗ್ಗಿದರೂ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು.