ಎಂಜಿನ್‌ಗೆ 'ಸ್ಟಾಪ್' ಕೇಳಿಸದಿದ್ದರೆ

ನಮಸ್ಕಾರ್ರೀ. ಬಾಗಲಕೋಟೆಯಲ್ಲಿ ಗೆಳೆಯರು ಸೇರಿ ಚೆಸ್ ಎಂಜಿನ್ ಬರೆಯುತ್ತಿದ್ದೀರಿ. ನಿಲ್ಲಿಸುವ ಬಟನ್ ಒತ್ತಿದರೂ ಅದು ಯೋಚಿಸುತ್ತಲೇ ಇರುತ್ತದೆ, ಸ್ವಂತ ಪ್ರೋಟೊಕಾಲ್ ಮಾಡಿಬಿಡಲೇ ಎಂದು ಕೇಳಿದ್ದೀರಿ. ಬೇಡ. 2000ರಲ್ಲಿ ಸ್ಟೆಫಾನ್ ಮೇಯರ್-ಕಾಲೆನ್ ಮತ್ತು ರುಡಾಲ್ಫ್ ಹ್ಯೂಬರ್ ರೂಪಿಸಿದ ಯುಸಿಐ (ಯೂನಿವರ್ಸಲ್ ಚೆಸ್ ಇಂಟರ್‌ಫೇಸ್) ಇದೆ, ಪರದೆಯ ಬೋರ್ಡೂ ಎಂಜಿನ್ನೂ ಮಾತಾಡಿಕೊಳ್ಳುವ ಪ್ರೋಟೊಕಾಲ್. ಹೆಸರಾಂತ ಚೆಸ್ ಎಂಜಿನ್ ಸ್ಟಾಕ್‌ಫಿಶ್ ಕೂಡ ಅದನ್ನೇ ಬಳಸುತ್ತದೆ.

ಒಳ್ಳೆಯ ನಡೆಯ ಹುಡುಕಾಟ ನಡೆಸುವ ಥ್ರೆಡ್ಡೇ (ಪ್ರೋಗ್ರಾಮಿನೊಳಗೆ ತಾನೇ ಓಡುವ ಕೆಲಸದ ಎಳೆ) ಇನ್‌ಪುಟ್ಟನ್ನೂ ಓದುತ್ತಿದ್ದರೆ, ಲೆಕ್ಕ ಮುಗಿಯುವ ತನಕ 'ಸ್ಟಾಪ್' ಅದರ ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಇನ್‌ಪುಟ್ ಓದಲು ಬೇರೆ ಥ್ರೆಡ್ ಇಡಿ. 'ಸ್ಟಾಪ್' ಬಂದ ಕೂಡಲೇ ಅದು ಒಂದು ಅಟಾಮಿಕ್ ಫ್ಲ್ಯಾಗ್ (ಎರಡೂ ಥ್ರೆಡ್‌ಗಳು ಗೊಂದಲವಿಲ್ಲದೆ ಬಳಸಬಹುದಾದ ಗುರುತು) ಬದಲಿಸಲಿ. ಹುಡುಕಾಟ ಕೆಲವು ಸಾವಿರ ನೋಡ್‌ಗಳಿಗೊಮ್ಮೆ (ಪರಿಶೀಲಿಸುವ ಬೋರ್ಡ್ ಸ್ಥಿತಿಗಳಿಗೊಮ್ಮೆ) ಫ್ಲ್ಯಾಗ್ ನೋಡಿ, ಅಷ್ಟರಲ್ಲಿ ಸಿಕ್ಕ ಒಳ್ಳೆಯ ನಡೆಯನ್ನು 'ಬೆಸ್ಟ್‌ಮೂವ್' ಎಂದು ಕಳಿಸಲಿ. ಯೋಚಿಸಲು ಶುರುಮಾಡು ಎನ್ನುವ ಪ್ರತಿ 'ಗೋ' ಆದೇಶಕ್ಕೂ ಒಂದೇ 'ಬೆಸ್ಟ್‌ಮೂವ್', ಇದು ತಪ್ಪಬಾರದು. ಸಾಲು ಬರೆದ ಮೇಲೆ ಫ್ಲಶ್ ಮಾಡಿ, ಅಂದರೆ ಅದನ್ನು ಕೂಡಲೇ ಹೊರಗೆ ಕಳಿಸಿ, ಇಲ್ಲದಿದ್ದರೆ ಉತ್ತರ ಬಫರ್‌ನಲ್ಲೇ ಉಳಿಯುತ್ತದೆ. ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡಿದ ಎಂಜಿನ್ ಪರದೆಯ ಬೋರ್ಡಿನ ಜೊತೆ ಕೈಕೊಡುವುದು ಜಾಸ್ತಿ ಇದಕ್ಕೇ.

ಬೋರ್ಡಿನ ಸ್ಥಿತಿ ತಿಳಿಸುವ 'ಪೊಸಿಷನ್' ಆದೇಶದ ಜೊತೆ ಆಟದ ಎಲ್ಲ ನಡೆಗಳೂ ಪ್ರತಿ ಸಲ ಬರುವುದು ದಂಡ ಅನ್ನಿಸಬಹುದು. ನನಗಂತೂ ಯುಸಿಐನಲ್ಲಿ ಅದೇ ಬಹಳ ಇಷ್ಟ. ಆಟಗಾರ ನಡೆ ವಾಪಸ್ ತೆಗೆದುಕೊಂಡರೂ ಎಂಜಿನ್ ಗೊಂದಲಕ್ಕೆ ಬೀಳುವುದಿಲ್ಲ. ಇನ್‌ಪುಟ್ ಓದುವ ಭಾಗದ ಕೋಡ್ ಇಲ್ಲಿ ಹಾಕಿ, ಬೆಳಗಾವಿಯಿಂದಲೇ ನೋಡಿ ಹೇಳುತ್ತೇನೆ.