ತಾಮ್ರದ ಎಂಎಸ್‌ಡಿ ಗೆರೆ 300 ಕೆಲ್ವಿನ್‌ನಲ್ಲಿ ಏಕೆ ಮೇಲೇಳುವುದಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಕೊಣಾಜೆಯಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಲ್ಯಾಂಪ್ಸ್‌ನಲ್ಲಿ (ಪರಮಾಣುಗಳ ಚಲನೆಯನ್ನು ಲೆಕ್ಕಹಾಕುವ ಪ್ರೋಗ್ರಾಂ) 4000 ಪರಮಾಣುಗಳ ತಾಮ್ರದ ಹರಳು ಕಟ್ಟಿ, ಒಂದು ಪರಮಾಣುವನ್ನು ತೆಗೆದು ಖಾಲಿ ಜಾಗ ಮಾಡಿ, 300 ಕೆಲ್ವಿನ್‌ನಲ್ಲಿ 1 ನ್ಯಾನೊಸೆಕೆಂಡ್ ಓಡಿಸಿದ್ದೀರಿ. ಎಂಎಸ್‌ಡಿ (ಪರಮಾಣುಗಳು ಮೊದಲಿದ್ದ ಜಾಗದಿಂದ ಸರಿದ ದೂರದ ವರ್ಗದ ಸರಾಸರಿ) ಗೆರೆ ಮಲಗಿಯೇ ಇದೆ. ಮೇಲ್ಮೈಯಲ್ಲೂ ಹೀಗೇ ಆಗುತ್ತದೆಯೇ?

ಇನ್‌ಪುಟ್ ಫೈಲಿನಲ್ಲಿ ತಪ್ಪು ಹುಡುಕಬೇಡಿ ಮಾರಾಯ್ರೆ, ಮೊದಲು ಲೆಕ್ಕ ಹಾಕಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿಗೆ ಹೊರಟ ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇದ್ದ ಹಾಗೆ: ಪಕ್ಕದವರು ಬಂದು ಕೂತರೆ ಖಾಲಿ ಜಾಗ ಅವರ ಸೀಟಿಗೆ ಹೋಗುತ್ತದೆ. ತಾಮ್ರದಲ್ಲಿ ಪಕ್ಕದವರು 12 ಮಂದಿ, ದಾಟಬೇಕಾದ ತಡೆ ಸುಮಾರು 0.69 ಎಲೆಕ್ಟ್ರಾನ್ ವೋಲ್ಟ್. ಪ್ರಯತ್ನದ ಆವರ್ತನ ಸೆಕೆಂಡಿಗೆ 10¹³ ಎಂದು ಹಿಡಿದರೆ, 300 ಕೆಲ್ವಿನ್‌ನಲ್ಲಿ ಒಂದು ಜಿಗಿತಕ್ಕೆ ಸರಾಸರಿ 3 ಮಿಲಿಸೆಕೆಂಡ್ ಕಾಯಬೇಕು. ಅಂದರೆ 30 ಲಕ್ಷ ನ್ಯಾನೊಸೆಕೆಂಡ್. ಅದೇ 1000 ಕೆಲ್ವಿನ್‌ನಲ್ಲಿ ಸುಮಾರು 25 ಪಿಕೊಸೆಕೆಂಡಿಗೊಂದು ಜಿಗಿತ. 10 ನ್ಯಾನೊಸೆಕೆಂಡ್ ಓಡಿಸಿದರೆ 400 ಸಿಗುತ್ತವೆ.

ಹಾಗಾಗಿ 900ರಿಂದ 1200 ಕೆಲ್ವಿನ್‌ವರೆಗೆ ನಾಲ್ಕೈದು ತಾಪಮಾನ ಇಟ್ಟುಕೊಳ್ಳಿ. ತಾಮ್ರ ಕರಗುವುದು 1358ರಲ್ಲಿ. ಮಿಶಿನ್ ಮತ್ತು ಸಂಗಡಿಗರ 2001ರ ಇಎಎಂ ಪೊಟೆನ್ಶಿಯಲ್ (ಲೋಹದ ಪರಮಾಣುಗಳ ನಡುವಿನ ಬಲ ಹೇಳುವ ಸೂತ್ರ) ಈ ಕೆಲಸಕ್ಕೆ ಒಳ್ಳೆಯದು. ಪ್ರತಿ ತಾಪಮಾನದಲ್ಲೂ ಮೊದಲು ಎನ್‌ಪಿಟಿಯಲ್ಲಿ (ಒತ್ತಡ, ತಾಪಮಾನ ಸ್ಥಿರವಾಗಿಟ್ಟು) ಹರಳು ಎಷ್ಟು ಹಿಗ್ಗುತ್ತದೆಂದು ನೋಡಿ, ಆ ಅಳತೆಗೆ ಪೆಟ್ಟಿಗೆ ಹೊಂದಿಸಿ, ಬಳಿಕ 2 ಫೆಮ್ಟೊಸೆಕೆಂಡ್ ಹೆಜ್ಜೆಯಲ್ಲಿ ಎನ್‌ವಿಇ (ಗಾತ್ರ, ಶಕ್ತಿ ಸ್ಥಿರವಾಗಿಟ್ಟು) ಓಡಿಸಿ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ರೀಸ್ಟಾರ್ಟ್ ಫೈಲ್ ಬರೆಸುವುದನ್ನು ಮರೆಯಬೇಡಿ.

ಇಡೀ ಹರಳಿನ ಎಂಎಸ್‌ಡಿಯನ್ನು ಮಾತ್ರ ನಂಬಬೇಡಿ. ಒಂದು ಪರಮಾಣು 2.56 ಆಂಗ್‌ಸ್ಟ್ರಾಂ ಜಿಗಿದರೂ 3999ರ ಸರಾಸರಿಯಲ್ಲಿ ಅದು ಕೇವಲ 0.0016 ಚದರ ಆಂಗ್‌ಸ್ಟ್ರಾಂ, ಕಂಪನದಲ್ಲೇ ಮುಳುಗಿಹೋಗುತ್ತದೆ. ಓವಿಟೋ ಎಂಬ ಚಿತ್ರಣ ಪ್ರೋಗ್ರಾಮಿನ ವಿಗ್ನರ್-ಸೈಟ್ಜ್ ವಿಶ್ಲೇಷಣೆಯಿಂದ (ಹರಳಿನ ಯಾವ ಜಾಗದಲ್ಲಿ ಪರಮಾಣು ಇಲ್ಲ ಎಂದು ಹೇಳುವ ವಿಧಾನ) ಖಾಲಿ ಜಾಗದ ಬೆನ್ನು ಹಿಡಿದು ಜಿಗಿತ ಎಣಿಸಿ. ಬೇರೆ ಬೇರೆ ಆರಂಭ ವೇಗಗಳಿಂದ ಹತ್ತು ಸಲವಾದರೂ ಓಡಿಸಿ.

ಬಹಳ ಮಂದಿ ಎಡವುವುದು ಇದರ ನಂತರ. ಜಿಗಿತದ ದರದ ಲಾಗರಿದಮ್ಮನ್ನು 1/ತಾಪಮಾನದ ಎದುರು ಎಳೆದ ಆರ್ಹೀನಿಯಸ್ ಗೆರೆಯ ಇಳಿಜಾರಿನಿಂದ ತಡೆ 0.7 ಬರುತ್ತದೆ, ಪ್ರಯೋಗದಲ್ಲಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್. ಪೊಟೆನ್ಶಿಯಲ್ಲೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಖಾಲಿ ಜಾಗವನ್ನು ನೀವೇ ಕೈಯಾರೆ ಮಾಡಿದ್ದೀರಲ್ಲ, ಅದು ಹುಟ್ಟಲು ಬೇಕಾದ ಸುಮಾರು 1.27 ನಿಮ್ಮ ಲೆಕ್ಕಕ್ಕೆ ಬಂದೇ ಇಲ್ಲ. ಎರಡನ್ನೂ ಕೂಡಿಸಿಯೇ ಪ್ರಯೋಗದೊಂದಿಗೆ ಹೋಲಿಸಬೇಕು. ಡಿ (ವಿಸರಣ ಗುಣಾಂಕ) ಬೆಲೆಗೂ ಇದೇ ಮಾತು: 1000 ಕೆಲ್ವಿನ್‌ನಲ್ಲಿ, ಎಂಟ್ರೊಪಿ ಬಿಟ್ಟು ನೋಡಿದರೆ, ನಿಮ್ಮ ಹರಳಿನಲ್ಲಿ ಸಹಜಕ್ಕಿಂತ 600 ಪಟ್ಟು ಹೆಚ್ಚು ಖಾಲಿ ಜಾಗವಿದೆ.

ಇನ್ನು ಮೇಲ್ಮೈ. ಅದು ಹರಳನ್ನು ಯಾವ ದಿಕ್ಕಿಗೆ ಕತ್ತರಿಸಿದ ಮುಖ ಎನ್ನುವುದರ ಮೇಲಿದೆ; ಮುಖಗಳನ್ನು (111), (100) ಎಂದು ಗುರುತಿಸುತ್ತಾರೆ. (111) ಮುಖದ ಮೇಲೆ ಕೂತ ಒಂಟಿ ಪರಮಾಣುವಿಗೆ ತಡೆ 0.05ರ ಆಸುಪಾಸು, 300ರಲ್ಲೇ ಓಡಾಡುವುದು ಕಣ್ಣಿಗೆ ಕಾಣುತ್ತದೆ. (100) ಮುಖದಲ್ಲಿ ಸುಮಾರು 0.5, ಮತ್ತೆ ಮೈಕ್ರೊಸೆಕೆಂಡುಗಟ್ಟಲೆ ಕಾಯಬೇಕು. ಅಲ್ಲಿ ಎನ್‌ಇಬಿಯಿಂದ (ಜಿಗಿತದ ದಾರಿಯ ತಡೆ ಹುಡುಕುವ ವಿಧಾನ) ತಡೆಗಳನ್ನು ತೆಗೆದು ಕೈನೆಟಿಕ್ ಮಾಂಟೆ ಕಾರ್ಲೊಗೆ (ಕಂಪನ ಬಿಟ್ಟು, ಪಟ್ಟಿಯಲ್ಲಿರುವ ಜಿಗಿತಗಳನ್ನಷ್ಟೇ ಅವುಗಳ ದರಕ್ಕೆ ತಕ್ಕಂತೆ ಆರಿಸುತ್ತಾ ಹೋಗುವ ವಿಧಾನ) ಕೊಡಿ. ಆದರೆ ಜಿಗಿತದ ಪಟ್ಟಿ ನಿಮ್ಮದೇ ಜವಾಬ್ದಾರಿ: ಕೂತ ಪರಮಾಣು ಕೆಳಗಿನದನ್ನು ಮೇಲಕ್ಕೆ ತಳ್ಳಿ ಅದರ ಜಾಗ ಹಿಡಿಯುವ ಅದಲುಬದಲನ್ನು ಪಟ್ಟಿಗೆ ಸೇರಿಸದಿದ್ದರೆ ಪ್ರೋಗ್ರಾಂ ಅದನ್ನು ತಾನಾಗಿ ಎಂದೂ ಮಾಡುವುದಿಲ್ಲ.