ಸೆಂಟ್, ಗುಂಟೆ ಮತ್ತು ಮಗ್ಗದ ಗುಣಿ

ಆಂಧ್ರದ ರಾಯದುರ್ಗದ ಎಂಜಿನಿಯರ್ ಬರೆದ ಮನೆಯ ನಕ್ಷೆ ಗಡಿಯ ಈಚೆ, ಕರ್ನಾಟಕದ ನಮ್ಮ ಮೊಳಕಾಲ್ಮುರಿನಲ್ಲಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಗೆರೆ ಯಾರು ಎಳೆದರೂ ಗೆರೆಯೇ. ಆದರೆ ಕಟ್ಟಡ ಪರವಾನಗಿಗೆ ಹೋಗುವ ನಕ್ಷೆಗೆ ಈ ಕಡೆ ಪರವಾನಗಿ ಇರುವ ಎಂಜಿನಿಯರ್ ಸಹಿ ಬೇಕು. ಅದೇನೂ ದೊಡ್ಡದಲ್ಲ, ನಿಜವಾದ ತೊಡಕು ಅಳತೆಯದು.

1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ, ಅದೇ ಜಿಲ್ಲೆಯಲ್ಲಿದ್ದ ರಾಯದುರ್ಗ ಆಂಧ್ರದ ಪಾಲಾಯಿತು. ನೆಂಟಸ್ತನಕ್ಕೆ ಆ ಗಡಿಗೆರೆ ಲೆಕ್ಕಕ್ಕಿಲ್ಲ. ಹಾಗಾಗಿ ಜಾಗದ ಮಾತು ಬಂದರೆ ಆ ಕಡೆಯ ಬೀಗರು ಸೆಂಟ್ ಎನ್ನುತ್ತಾರೆ, ನಾವು ಗುಂಟೆ ಎನ್ನುತ್ತೇವೆ. ಒಂದು ಗುಂಟೆ ಎಂದರೆ 1,089 ಚದರ ಅಡಿ, ಅವರ ಲೆಕ್ಕದಲ್ಲಿ ಎರಡೂವರೆ ಸೆಂಟ್. ಮೂವತ್ತು ನಲವತ್ತರ ನಿವೇಶನ ಅವರಿಗೆ ಹೆಚ್ಚುಕಡಿಮೆ ಎರಡೂಮುಕ್ಕಾಲು ಸೆಂಟ್. ಜಗುಲಿಯ ಮೇಲೆ ಸೆಂಟಿನಲ್ಲಿ ಮುಗಿದ ಮಾತು ನಕ್ಷೆಯಲ್ಲಿ ಅಡಿಗಳಾಗುವಾಗ ಒಂದೆರಡು ಅಡಿ ಎಲ್ಲೋ ಸೋರಿಹೋಗುತ್ತದೆ.

ನನಗೂ ಹಾಗೆಯೇ ಆಯಿತು. ಕ್ರಯಪತ್ರದಲ್ಲಿ ಅಗಲ 30 ಅಡಿ. ಟೇಪ್ ಹಿಡಿದರೆ ಇಪ್ಪತ್ತೆಂಟೂವರೆ. ನಕ್ಷೆ ಬರೆದವರು ಜಾಗಕ್ಕೆ ಕಾಲಿಡದೆ ಪತ್ರ ನೋಡಿಯೇ ಬರೆದಿದ್ದರು. ಪಕ್ಕದ ಗೋಡೆ ಹಳೆಯದು, ಗೋಡೆಯವರು ಸಂಬಂಧಿಕರು. ಜಗಳವಾಡುವ ಬದಲು ಇರುವ ಅಳತೆಗೇ ಮತ್ತೆ ನಕ್ಷೆ ಬರೆಸಿ, ಎರಡನೆಯ ಬಾರಿ ದುಡ್ಡು ಕೊಟ್ಟೆ.

ಕಾಗದಗಳ ವಿಷಯ ಚಿಕ್ಕದು: ಹೊಲವಾಗಿದ್ದರೆ ಭೂಪರಿವರ್ತನೆಯ ಆದೇಶ, ಹೊಲದ ತುಂಡಾದರೆ ಆ ತುಂಡನ್ನು ಅಳೆದು ತೋರಿಸುವ ಸರ್ವೆಯ 11ಇ ನಕ್ಷೆ, ಗ್ರಾಮ ಪಂಚಾಯಿತಿಯ ಜಾಗವಾದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಹೊಲದ ದಾಖಲೆಯಾದ ಬರಿಯ ಪಹಣಿ ತೋರಿಸಿ ಸೈಟು ಎನ್ನುವವರಿಗೆ ಕಾಫಿ ಕೊಟ್ಟು ಕಳುಹಿಸಿ.

ಹೊರಗಿನ ಎಂಜಿನಿಯರುಗಳು ಮುಂದಿನ ಕೋಣೆಯನ್ನು ಹಾಲ್ ಎಂದು ಬರೆದು ಸೋಫಾದ ಚಿತ್ರ ಹಾಕುತ್ತಾರೆ. ರೇಷ್ಮೆ ನೇಯುವ ಮನೆಯವರು ಅದನ್ನು ನೋಡಿ ಮೊದಲು ಕೇಳುವುದು, ಮಗ್ಗ ಎಲ್ಲಿ ಎಂದು. ಗುಣಿ ಮಗ್ಗಕ್ಕೆ ನೆಲದಲ್ಲಿ ಕಾಲಿಳಿಬಿಡುವ ಗುಣಿ ಬೇಕು, ಎಳೆಗಳ ಮೇಲೆ ಬೆಳಕು ಬೀಳುವಂತೆ ಕಿಟಕಿ ಬೇಕು, ಮೇಲೆ ವಿನ್ಯಾಸ ನೇಯುವ ಜಕಾರ್ಡ್ ಯಂತ್ರ ಕೂರಿಸುವುದಾದರೆ ಸೂರೂ ಎತ್ತರವಿರಬೇಕು. ಇದನ್ನು ನಕ್ಷೆಯಲ್ಲೇ ಗುರುತಿಸದಿದ್ದರೆ ಗೃಹಪ್ರವೇಶವಾದ ಮರುತಿಂಗಳೇ ಹೊಸ ನೆಲ ಅಗೆಯಬೇಕಾಗುತ್ತದೆ. ನೀವು ನೇಯದಿದ್ದರೂ ಮನೆಯನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಮಗ್ಗದ ಜಾಗ ಬೇಕೇ ಎಂದು ನೇಯುವವರನ್ನು ಕೇಳಿ ನೋಡಿ.

ಇನ್ನು ನೀವು ಕೊಳ್ಳಬೇಕೆಂದು ಹೇಳಿದ ಸಿದ್ದಾಪುರದ ಕಡೆಯ ಜಾಗ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನಗಳಿವೆ. ಕೇಂದ್ರದ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಮೊದಲು ಸ್ಮಾರಕಗಳ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ರಸ್ತೆಗೆ ಜಾಗ ಬಿಟ್ಟಂತೆ ಇಲ್ಲಿ ಅಶೋಕನಿಗೂ ಬಿಡಬೇಕು. ಮುಂಗಡ ಕೊಡುವ ಮೊದಲು ಆ ದೂರವನ್ನು ಅಳೆಸಿಬಿಡಿ.